ಎರಡು ಮಾರು, ಒಂದು ಮೊಳ

ಗಾಳದ ಕೋಲು ಎಷ್ಟುದ್ದ ಇರಬೇಕು ಎಂಬ ವಿಷಯದಲ್ಲಿ ನನಗೆ ಖಚಿತವಾದ ಅಭಿಪ್ರಾಯಗಳಿವೆ. ಮೀನು ತಿನ್ನದ ಮನೆಯಲ್ಲಿ ಹುಟ್ಟಿ, ಮೀನು ತಿನ್ನದ ಮನೆಗೇ ಸೊಸೆಯಾಗಿ ಬಂದ, ಇವತ್ತಿಗೂ ಒಂದು ಮೀನಿಗೂ ಇನ್ನೊಂದಕ್ಕೂ ವ್ಯತ್ಯಾಸ ಗೊತ್ತಿಲ್ಲದ ಹೆಂಗಸಿಗೆ ಈ ಅಭಿಪ್ರಾಯಗಳು ಎಲ್ಲಿಂದ ಬಂದವು ಎಂದು ಕೇಳಿದರೆ ನಾನು ನಮ್ಮ ಮಾವನವರ ಕಡೆ ಬೆರಳು ತೋರಿಸಬೇಕಾಗುತ್ತದೆ. ಆಗಿನ ಕಾಲದಲ್ಲಿ ಹಾಗೆ ಬೆರಳು ತೋರಿಸಿದ್ದರೆ ಮನೆಯಲ್ಲಿ ದೊಡ್ಡ ರಾದ್ಧಾಂತವೇ ಆಗುತ್ತಿತ್ತು.

ನನ್ನ ತವರು ಸಂಪಗಾಂವ. ತೊಂಬತ್ತರ ದಶಕದ ನಡುವೆ ಮದುವೆಯಾಗಿ ಬಂದದ್ದು ಸವದತ್ತಿಗೂ ರಾಮದುರ್ಗಕ್ಕೂ ನಡುವೆ, ಮಲಪ್ರಭೆಯ ದಂಡೆಯ ಮೇಲಿರುವ ಒಂದು ಊರಿಗೆ. ಹತ್ತಿ, ಜೋಳ ಬೆಳೆಯುವ ಮನೆತನ. ಗಂಡ, ಅತ್ತೆ, ಮಾವ ಮತ್ತು ನಾನು. ಮನೆಗೆ ಬಂದ ದಿನವೇ ನೋಡಿದೆ, ಹೊರಗೋಡೆಗೆ ಎರಡು ಗೂಟ ಬಡಿದು ಅವುಗಳ ಮೇಲೆ ಉದ್ದನೆಯ ಬಿದಿರ ಕೋಲೊಂದನ್ನು ಅಡ್ಡ ಇಟ್ಟಿದ್ದರು. ಹುಣಸೆಕಾಯಿ ಉದುರಿಸುವ ಕೋಲಿರಬೇಕು ಅಂದುಕೊಂಡೆ. ಮರುದಿನ ಅತ್ತೆ ಅದರ ಕಡೆ ಗದ್ದ ಎತ್ತಿ ಹೇಳಿದರು, "ಅಕಿ ನನ್ನ ಸವತಿ ನೋಡವಾ. ನನಗಿಂತ ಮದ್ಲ ಈ ಮನಿಗೆ ಬಂದಾಕಿ."

ಮಾವನವರಿಗೆ ಗಾಳ ಹಾಕುವ ಹುಚ್ಚು. ನಿತ್ಯ ಲಿಂಗಪೂಜೆ ಮಾಡುವ, ಈರುಳ್ಳಿ ಜಾಸ್ತಿಯಾದರೂ ಮುಖ ಸಿಂಡರಿಸುವ ಮನುಷ್ಯ, ಹೊಲದ ಕೆಲಸ ಆಳುಗಳಿಗೆ ಒಪ್ಪಿಸಿ ಹೊಳೆಯ ದಂಡೆಯ ಬಂಡೆಯ ಮೇಲೆ ಹೋಗಿ ಕೂರುತ್ತಿದ್ದರು. ಎರೆಹುಳು ಮುಟ್ಟುತ್ತಿರಲಿಲ್ಲ. ಶೇಂಗಾ ಹಿಂಡಿಗೆ ಜೋಳದ ಹಿಟ್ಟು ಸೇರಿಸಿ ನಾದಿ, ಸಣ್ಣ ಉಂಡೆ ಮಾಡಿ ಗಾಳಕ್ಕೆ ಸಿಗಿಸುತ್ತಿದ್ದರು. ಒಣಗಿದ ಜೋಳದ ದಂಟನ್ನು ಸುಲಿದು, ಒಳಗಿನ ಬೆಂಡನ್ನು ದಾರಕ್ಕೆ ಕಟ್ಟಿ ನೀರಿನ ಮೇಲೆ ತೇಲಬಿಡುತ್ತಿದ್ದರು. ಕೆಳಗೆ ಮೀನು ಹಿಂಡಿಗೆ ಬಾಯಿ ಹಾಕಿದರೆ ಮೇಲೆ ಬೆಂಡು ಮುಳುಗುತ್ತದೆ. ಆ ಕ್ಷಣಕ್ಕೆ ಕೋಲು ಎತ್ತಬೇಕು. ತಡವಾದರೆ ಮೀನೂ ಇಲ್ಲ, ಹಿಂಡಿಯೂ ಇಲ್ಲ.

ಹಿಡಿದ ಮೀನನ್ನು ಏನು ಮಾಡುತ್ತಿದ್ದರು ಎಂದರೆ, ಮತ್ತೆ ಹೊಳೆಗೆ ಬಿಡುತ್ತಿದ್ದರು. ಬಿಡಿಸುವಾಗ ಅದರ ಬಾಯಿ ಹರಿಯಬಾರದೆಂದು ಗಾಳದ ಒಳಮುಳ್ಳನ್ನು ಅರದಿಂದ ಉಜ್ಜಿ ನುಣ್ಣಗೆ ಮಾಡಿದ್ದರು. ಅಷ್ಟು ಮಾಡುವುದಕ್ಕೆ ಹಿಡಿಯುವುದಾದರೂ ಯಾಕೆ ಎಂಬುದು ಊರಿನವರ ಪ್ರಶ್ನೆ. ಅಗಸಿಯ ಕಟ್ಟೆಯಲ್ಲಿ ಕೂತವರು ಅವರ ಕಿವಿಗೆ ಬೀಳುವ ಹಾಗೆಯೇ ಆಡಿಕೊಳ್ಳುತ್ತಿದ್ದರು, "ಗೌಡ್ರು ಮೀನು ಹಿಡಿಯೂದಿಲ್ಲೋ, ಕರದು ಮಾತಾಡಿಸಿ ಕಳಸ್ತಾರ." ಮಾವನವರು ನಗುತ್ತಿದ್ದರು. ಕೋಲು ಬಾಗಿ ಕೈಗೆ ಜಗ್ಗು ಬರುತ್ತದಲ್ಲ, ಅಷ್ಟು ಸಾಕಿತ್ತು ಅವರಿಗೆ.

ಅತ್ತೆಯ ಷರತ್ತು ಮಾತ್ರ ಬಿಗಿಯಾಗಿತ್ತು. ಕೋಲು ಹೊಸ್ತಿಲು ದಾಟಿ ಒಳಗೆ ಬರಕೂಡದು. ಹೊಳೆಯಿಂದ ಬಂದವರು ಹಿತ್ತಲ ಬಚ್ಚಲಲ್ಲಿ ಸ್ನಾನ ಮಾಡಿಯೇ ಪಡಸಾಲೆಗೆ ಕಾಲಿಡಬೇಕು. ಹೀಗಾಗಿ ಚಳಿಗಾಲದಲ್ಲೂ ದಿನಕ್ಕೆ ಎರಡು ಸಲ ಸ್ನಾನ ಮಾಡುವ ಗಂಡಸು ನಮ್ಮೂರಲ್ಲಿ ಅವರೊಬ್ಬರೇ ಆಗಿದ್ದರು.

ಇನ್ನು ನನ್ನ ವಿಷಯ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ತವರಿನಲ್ಲಿ ನನ್ನ ಬಾಯಿಗೆ ಹೆದರದವರಿರಲಿಲ್ಲ. ಇಲ್ಲಿ ಬಂದರೆ ಸೊಸೆ ಮಾವನ ಎದುರು ಮಾತಾಡುವಂತಿಲ್ಲ. ಸೆರಗು ತಲೆಯ ಮೇಲೆ, ಕಣ್ಣು ನೆಲದ ಮೇಲೆ. ಊಟಕ್ಕೆ ಬಡಿಸಿದ್ದರೆ ಬಾಗಿಲ ಮರೆಯಲ್ಲಿ ನಿಂತು ಕೈಬಳೆ ಸಪ್ಪಳ ಮಾಡಬೇಕು, ಅವರು ಎದ್ದು ಬರುತ್ತಾರೆ. ಯಾರೋ ಭೇಟಿಗೆ ಬಂದಿದ್ದರೆ ಮತ್ತೊಂದು ಸಪ್ಪಳ. ಮೊದಮೊದಲು ನನಗೆ ಕೆಂಡದಂಥ ಸಿಟ್ಟು ಬರುತ್ತಿತ್ತು. ನಿಧಾನಕ್ಕೆ ಅದೇ ಒಂದು ಭಾಷೆಯಾಯಿತು. ಊಟ ಬೇರೆ, ಚಹಾ ಬೇರೆ, ಅತ್ತೆ ಸಿಟ್ಟಿನಲ್ಲಿದ್ದಾರೆ ಸ್ವಲ್ಪ ಹೊತ್ತು ಹೊರಗೇ ಇರಿ ಎಂಬುದು ಬೇರೆ. ಮೂರನೆಯದನ್ನು ನನಗೆ ಯಾರೂ ಕಲಿಸಿರಲಿಲ್ಲ, ನಾನೇ ಹುಟ್ಟಿಸಿದ್ದೆ. ಮಾವನವರಿಗೆ ಅದು ಮೊದಲ ದಿನವೇ ಅರ್ಥವಾಗಿತ್ತು.

ಮದುವೆಯಾದ ಮರುವರ್ಷ ಪಂಚಮಿಗೆ ತವರಿಗೆ ಹೋಗಿದ್ದೆ. ಹಬ್ಬ ಮುಗಿದ ಮೇಲೆ ಕರೆದೊಯ್ಯಲು ಮಾವನವರೇ ಬಂದರು. ಊರಿನ ದಿಕ್ಕಿನ ಬಸ್ಸು ಬಿಟ್ಟು ನನ್ನನ್ನು ಕಿತ್ತೂರಿನ ಬಸ್ಸು ಹತ್ತಿಸಿದರು. "ಒಂದೀಟು ಕೆಲಸ ಐತವಾ," ಅಂದರು ಕಿಟಕಿಯ ಹೊರಗೆ ನೋಡುತ್ತ. ಕೈಯಲ್ಲಿ ತವರಿನ ಸೀರೆ, ತಂಬಿಟ್ಟು, ಉಂಡಿ ತುಂಬಿದ ಚೀಲ ಹಿಡಿದುಕೊಂಡು ನಾನು ಒಳಗೊಳಗೇ ಕುದಿಯುತ್ತ ಕೂತೆ.

ಕೆಲಸ ಏನೆಂದರೆ ಬಿದಿರು. ಹಳೆಯ ಕೋಲು ಸೀಳು ಬಿಟ್ಟಿತ್ತು. ಮಲೆನಾಡಿನ ಸೆರಗಿನಿಂದ ಕಿತ್ತೂರಿಗೆ ಒಳ್ಳೆಯ ಬಿದಿರು ಬರುತ್ತದೆಂದು ಅವರ ನಂಬಿಕೆ. ಬುಟ್ಟಿ ಹೆಣೆಯುವವರ ಓಣಿಯಲ್ಲಿ ಒಂದೊಂದೇ ಬಿದಿರನ್ನು ಎಳೆದು ನೋಡತೊಡಗಿದರು. ಬುಡದಿಂದ ಕಣ್ಣು ಹಾಯಿಸಿ ಸೊಟ್ಟಗಿದೆಯೇ ನೋಡುವುದು, ಗೆಣ್ಣುಗಳು ಹತ್ತಿರ ಹತ್ತಿರ ಇವೆಯೇ ನೋಡುವುದು, ಬೆರಳ ಗೆಣ್ಣಿನಿಂದ ತಟ್ಟಿ ಸಪ್ಪಳ ಕೇಳುವುದು, ಒಮ್ಮೆ ಜೋರಾಗಿ ಅಲುಗಿಸಿ ತುದಿಯ ಅಲುಗಾಟ ಎಷ್ಟು ಬೇಗ ನಿಲ್ಲುತ್ತದೆ ಎಂದು ಕಾಯುವುದು. ನಮ್ಮ ಮದುವೆಗೆ ನನ್ನನ್ನು ನೋಡಲು ಬಂದಾಗ ಅವರು ಇದರ ಅರ್ಧದಷ್ಟೂ ನೋಡಿರಲಿಲ್ಲ.

ಕಡೆಗೆ ಒಂದು ಒಪ್ಪಿಗೆಯಾಯಿತು. ಈಗ ಉದ್ದದ ಮಾತು. ವ್ಯಾಪಾರದವನು ಟೇಪು ತಂದರೆ ಮಾವನವರು ಬೇಡವೆಂದರು. ಕೋಲು ಹಿಡಿಯುವವನ ಮೈಯಿಂದಲೇ ಅಳೆಯಬೇಕಂತೆ. ಬಿದಿರನ್ನು ನೆಲದ ಮೇಲೆ ಮಲಗಿಸಿ, ಪಟಕಾ ಸುತ್ತಿದ ದೊಡ್ಡ ಮನುಷ್ಯ ಓಣಿಯ ನಡುವೆ ಮಂಡಿಯೂರಿ, ಎರಡೂ ಕೈ ಚಾಚಿ ಅದರ ಮೇಲೆ ಬಗ್ಗಿದರು. ಅದು ಒಂದು ಮಾರು. ಎರಡನೆಯ ಮಾರಿಗೆ ಹೋಗಬೇಕಾದರೆ ಮೊದಲನೆಯದು ಮುಗಿದ ಜಾಗ ತಪ್ಪಬಾರದಲ್ಲ. ತಲೆ ಎತ್ತಿ ನನ್ನನ್ನೇ ಕರೆದರು, "ಯವ್ವಾ, ಇಲ್ಲೊಂಚೂರು ಕಾಲಿಡು." ನಾನು ಹೆಬ್ಬೆರಳು ಊರಿ ಗುರುತು ಹಿಡಿದು ನಿಂತೆ. ಸೆರಗಿನೊಳಗೆ ನಗು ತಡೆಯಲಾಗದೆ ಹೊಟ್ಟೆ ಕುಣಿಯುತ್ತಿತ್ತು.

"ಎರಡು ಮಾರು ಹೊಳಿಗೆ, ಒಂದು ಮೊಳ ಹಿಡಿಕಿಗೆ," ಎಂದು ಮೇಲೆದ್ದು ಮೊಣಕಾಲ ಧೂಳು ಜಾಡಿಸಿದರು. ನಮ್ಮ ಹೊಳೆಯ ದಂಡೆಗುಂಟ ಆಪು ಎಂಬ ಎತ್ತರದ ಜೊಂಡು ಬೆಳೆದಿದೆ, ದೊಡ್ಡ ಮೀನು ಆಪಿನ ಆಚೆ ಅಂಚಿಗೆ ಇರುತ್ತವೆ, ಅದಕ್ಕೆ ಮುಟ್ಟದ ಕೋಲು ಇದ್ದೂ ಇಲ್ಲದಂತೆ, ಅದಕ್ಕಿಂತ ಉದ್ದವಾದರೆ ತೋಳು ಸೋಲುತ್ತದೆ. ಇದನ್ನೆಲ್ಲ ಅವರು ವ್ಯಾಪಾರದವನಿಗೆ ಹೇಳುತ್ತಿದ್ದರು. ಆತನಿಗೆ ಇದರಲ್ಲಿ ಎಳ್ಳಷ್ಟೂ ಆಸಕ್ತಿ ಇರಲಿಲ್ಲ. ನನಗೆ ಹೇಳಿದ್ದು ಅಂತ ಅರ್ಥಮಾಡಿಕೊಂಡೆ.

ಬಸ್ಸಿನ ಟಪ್ಪಿನ ಮೇಲೆ ಬಿದಿರು ಕಟ್ಟಿಸಿದ್ದಾಯಿತು. ಕಂಡಕ್ಟರ್ ಅದಕ್ಕೂ ಒಂದು ಟಿಕೀಟು ಅಂದ. "ಹಂಗಾರ ಕುಂದ್ರಾಕ ಅದಕ್ಕೂ ಸೀಟು ಕೊಡ್ರಿ," ಅಂದರು ಮಾವನವರು. ಯರಗಟ್ಟಿಯಲ್ಲಿ ಬಸ್ಸು ಬದಲಿಸುವಾಗ ಪರಿಚಯದ ಮುದುಕರೊಬ್ಬರು ಬಿದಿರು ನೋಡಿ ಗಾಬರಿಯಿಂದ ಓಡಿಬಂದರು. ನಮ್ಮ ಕಡೆ ಹೀಗೆ ಅವಸರದಲ್ಲಿ ಬಿದಿರು ಒಯ್ಯುವುದು ಸತ್ತವರ ಮನೆಗೆ.

"ಯಾರು ಹ್ವಾದ್ರಿ ಗೌಡ್ರ?"

"ಇನ್ನ ಯಾರೂ ಹೋಗಿಲ್ರಿ," ಮಾವನವರು ತಣ್ಣಗೆ ಹೇಳಿದರು. "ಇದನ್ನ ತಗೊಂಡು ಮನಿಗೆ ಹೋದಿಂದ ನಂದ ನಂಬರ ಐತಿ."

ಆ ದಿನದಿಂದ ನಾನು ಆ ಕೋಲಿನ ಪಕ್ಷ.

ಎರಡು-ಮೂರು ವರ್ಷ ಅದು ಗೂಟದ ಮೇಲೆ ರಾಜನ ಹಾಗೆ ಮೆರೆಯಿತು. ನನಗೆ ಮಗಳು ಹುಟ್ಟಿದಳು. ಬಾಣಂತನ ಮುಗಿಸಿ ತವರಿನಿಂದ ಬಂದಾಗ ನೋಡುತ್ತೇನೆ, ಗೂಟದ ಮೇಲೆ ಬೇರೆಯ ಕೋಲು. ಗಿಡ್ಡದು. ಎಷ್ಟು ಗಿಡ್ಡ ಎಂದರೆ ಗೂಟಗಳ ಆಚೀಚೆ ಮೊದಲಿನಂತೆ ಚಾಚಿರಲೇ ಇಲ್ಲ. ಮಾವನವರು ಅಂಗಳದಲ್ಲಿ ಕಿತ್ತೂರಿನ ಉದ್ದ ಕೋಲನ್ನು ಕಾಲಡಿ ಹಿಡಿದು ಗರಗಸ ತಿಕ್ಕುತ್ತ ನಿಂತಿದ್ದರು.

"ಏನ್ ಅಪ್ಪಾರ, ಇಷ್ಟ ದಿನಾ ಎರಡು ಮಾರು, ಒಂದು ಮೊಳ ಅಂತಿದ್ರಿ?" ನಮ್ಮ ಮನೆಯವರು ಕೆಣಕಿದರು.

"ಉದ್ದ ಕೋಲು ಅಂದ್ರ ಬರೇ ದಿಮಾಕಪಾ. ಗಾಳಿ ಬಂದ್ರ ತುದಿ ಕುಣೀತೈತಿ. ಗಿಡ್ಡ ಕೋಲು ಲಗೂನ ಏಳತೈತಿ."

ಸುಳ್ಳಲ್ಲ. ಗಾಳಿಗೆ ಉದ್ದ ಕೋಲು ಕುಣಿಯುವುದು ನಿಜ, ಗಿಡ್ಡದು ಬೇಗ ಏಳುವುದೂ ನಿಜ. ಆದರೆ ಆ ಉದ್ದ ಕೋಲಿಗೆ ಗರಗಸ ಮುಟ್ಟಿದ್ದು ನೋಡಿ ನನಗೆ ತಡೆಯಲಾಗಲಿಲ್ಲ. ನಾನು ಕಾಲಿಟ್ಟು ಅಳೆಸಿದ ಕೋಲದು. ಬಾಗಿಲಲ್ಲೇ ನಿಂತು, ಒಳಗಿದ್ದ ಅತ್ತೆಗೆ ಕೂಗಿ ಹೇಳಿದೆ, ಅಂಗಳಕ್ಕೆ ಕೇಳುವ ಹಾಗೆ, "ಅತ್ತಿಯಾರ, ಕೂಸಿನ ಅರಿವಿ ಒಣಗಸಾಕ ಒಂದು ಉದ್ದನ್ನ ಗಳ ಬೇಕಾಗೇತ್ರಿ!" ಗರಗಸ ನಿಂತಿತು. ಸಂಜೆಗೆ ದನದ ಕೊಟ್ಟಿಗೆಯ ಸೂರಿನಡಿ ಎರಡು ಹಗ್ಗದ ಕುಣಿಕೆಯಲ್ಲಿ ಕೋಲು ತೂಗುತ್ತಿತ್ತು. ಅತ್ತೆ ಒಂದೆರಡು ದಿನ ಗೊಣಗಿದರು. ಆಮೇಲೆ ಕೂಸಿನ ಲಂಗೋಟಿಗೆ ಎಲ್ಲಿಯ ಮಡಿ ಎಂದು ಸುಮ್ಮನಾದರು.

ಹೊಸ ಗಿಡ್ಡ ಕೋಲಿಗೆ ಆ ಅದೃಷ್ಟ ಇರಲಿಲ್ಲ. ಅದನ್ನು ಮಾವನವರು ಕತ್ತರಿಸುತ್ತಲೇ ಹೋದರು. ಸಲಕ್ಕೆ ಒಂದು ಗೇಣು, ಒಂದೂವರೆ ಗೇಣು, ಬುಡದ ಕಡೆಯಿಂದ. ತುದಿಯ ಕಡೆ ಕತ್ತರಿಸಿದರೆ ಕೋಲಿನ ಬಾಗು ಸಾಯುತ್ತದೆ. ಪ್ರತಿ ಸಲಕ್ಕೂ ಒಂದು ಹೊಸ ಕಾರಣ ಇರುತ್ತಿತ್ತು. ಬಂಡೆಯ ಮೇಲಿನ ಜಾಲಿಗಿಡಕ್ಕೆ ತುದಿ ತಾಕುತ್ತದೆ. ಹೆಗಲು ನೋಯುತ್ತದೆ. ಈಗ ಮೀನೇ ದಂಡೆಗೆ ಬರತೊಡಗಿವೆ. ಕತ್ತರಿಸಿದ ಬುಡದ ತುಂಡನ್ನು ಚೆಲ್ಲುತ್ತಿರಲಿಲ್ಲ, ಕಾದ ಸರಳಿನಿಂದ ಒಳಗಿನ ಗೆಣ್ಣು ತೂತು ಮಾಡಿ ಅಡಿಗೆಮನೆಯ ಕಿಟಕಿಯಲ್ಲಿ ಇಟ್ಟು ಹೋಗುತ್ತಿದ್ದರು. ಒಲೆ ಊದಲು ಅಂಥ ಒಳ್ಳೆಯ ಕೊಳವೆ ಪೇಟೆಯಲ್ಲಿ ಸಿಗುವುದಿಲ್ಲ.

"ಊದಗೊಳವಿ ಎಲ್ಲಿಂದ ತಂದಿ?" ಅತ್ತೆ ಕೇಳಿದರು.

"ಸಂತ್ಯಾಗಿಂದ ತರಸೇನ್ರಿ," ಅಂದೆ. ಹೊಸ್ತಿಲು ದಾಟಬಾರದ ಸವತಿಯನ್ನು ಅತ್ತೆ ದಿನಾ ಬಾಯಿಗಿಟ್ಟುಕೊಂಡು ತಮ್ಮ ಮಡಿಯ ಒಲೆ ಊದುತ್ತಿದ್ದರು. ಆ ಸಂತೋಷವನ್ನು ಹಂಚಿಕೊಳ್ಳಲು ನನಗೆ ಯಾರೂ ಇರಲಿಲ್ಲ. ಮಾವನವರ ಕಡೆ ನೋಡಿದರೆ ಅವರು ಮೀಸೆಯಲ್ಲಿ ನಗುತ್ತಿದ್ದರು.

ಕೊಳವೆಗಳು ಕಿಟಕಿಯಲ್ಲಿ ಸಾಲಾದವು. ನೆರೆಮನೆಗೂ ಕೊಟ್ಟೆ. ಅಷ್ಟಾದರೂ ನನ್ನ ದಡ್ಡ ತಲೆಗೆ ಏನೂ ಹೊಳೆಯಲಿಲ್ಲ.

ಹೊಳೆದದ್ದು ಹೊಳೆಯ ದಂಡೆಯಲ್ಲಿ. ನಾನು ಅರಿವೆ ಒಗೆಯುವ ಕಲ್ಲು ಅವರ ಬಂಡೆಗೆ ತುಸು ಕೆಳಗೆ. ಅಲ್ಲಿಂದ ಅವರೂ ಕಾಣುತ್ತಾರೆ, ಅವರ ಬೆಂಡೂ ಕಾಣುತ್ತದೆ. ಒಂದು ಬೆಳಿಗ್ಗೆ ಸೀರೆ ಹಿಂಡುತ್ತ ನೋಡಿದರೆ ಬೆಂಡು ಗುಳುಕ್ಕನೆ ಮುಳುಗಿತು. ಮಾವನವರು ಕೋಲು ಎತ್ತಲಿಲ್ಲ. ಬೆಂಡು ಮೇಲೆ ಬಂತು, ಮತ್ತೆ ಮುಳುಗಿತು. ಇವರು ನೆಟ್ಟಗೆ ಅದರ ಕಡೆಯೇ ಮುಖ ಮಾಡಿ ಕೂತಿದ್ದಾರೆ. ಕೂತಲ್ಲೇ ತೂಕಡಿಸಿರಬೇಕು ಅಂದುಕೊಂಡೆ. ಕೂಗುವಂತಿಲ್ಲ. ಅಡಿಗೆಮನೆಯ ಬಾಗಿಲಲ್ಲಿ ಮಾಡುವ ಹಾಗೆ ಕೈ ಅಲುಗಿಸಿ ಬಳೆ ಸಪ್ಪಳ ಮಾಡಿದೆ. ತಕ್ಷಣ ಕೋಲು ಮೇಲೆದ್ದಿತು. ಮೀನು ಹೊರಗೆ ಬಂತು. ತೂಕಡಿಸಿದವರ ಕೈ ಅಷ್ಟು ಚುರುಕಾಗಿರುವುದಿಲ್ಲ.

ಮರುದಿನವೂ ಹಾಗೇ ಆಯಿತು. ಆ ವಾರವೇ ಅವರು ನನ್ನ ಮಗಳ ಹರಿದ ಲಂಗದ ಕೆಂಪು ಚಿಂದಿಯೊಂದನ್ನು ಕೇಳಿ ಪಡೆದು ಬೆಂಡಿಗೆ ಸುತ್ತಿಕೊಂಡರು. ಆಗ ನನಗೆ ಒಂದೊಂದೇ ಸೇರಿ ಅರ್ಥವಾಯಿತು. ಉದ್ದ ಕೋಲಿನ ತುದಿಯ ಬೆಂಡು ಅವರಿಗೆ ಕಾಣುತ್ತಿಲ್ಲ. ಕಾಣುವಷ್ಟು ಹತ್ತಿರಕ್ಕೆ ತಂದುಕೊಳ್ಳಲು ಕೋಲು ಕತ್ತರಿಸುತ್ತಿದ್ದಾರೆ. ಕಣ್ಣು ಒಂದು ಗೇಣು ಹಿಂದೆ ಸರಿದರೆ ಕೋಲು ಒಂದು ಗೇಣು ಗಿಡ್ಡವಾಗುತ್ತದೆ. ನನ್ನ ಅಡಿಗೆಮನೆಯ ಕಿಟಕಿಯಲ್ಲಿ ಸಾಲಾಗಿದ್ದದ್ದು ಅದೇ. ಅವತ್ತು ಒಲೆ ಊದಲು ಕೊಳವೆ ತೆಗೆದುಕೊಂಡವಳು ಕೈಯಲ್ಲಿ ಹಿಡಿದು ಸುಮ್ಮನೆ ಕೂತುಬಿಟ್ಟೆ, ಕಣ್ಣಲ್ಲಿ ನೀರು ಬಂತು.

ಯಾರಿಗೂ ಹೇಳಲಿಲ್ಲ. ಹೇಳಿದರೆ ಆಗುವುದು ಒಂದೇ, ಹೊಳೆ ಬಿಡಿಸುತ್ತಾರೆ. ಜಾರುವ ದಂಡೆಗೆ ಕಣ್ಣು ಕಾಣದವರನ್ನು ಯಾವ ಮನೆಯವರೂ ಕಳಿಸುವುದಿಲ್ಲ. ಹೊಳೆ ಬಿಟ್ಟರೆ ಈ ಮನುಷ್ಯ ಕಟ್ಟೆಯ ಮೇಲೆ ಕೂತು ಏನು ಮಾಡಬೇಕು? ನಾನು ದಿನಾ ಅರಿವೆ ಒಗೆಯಲು ಹೊರಟೆ. ಒಗೆಯುವುದಕ್ಕೆ ಇಲ್ಲದಿದ್ದರೆ ಒಗೆದದ್ದನ್ನೇ ಮತ್ತೆ ಒಯ್ದೆ. "ಏನ್ ಸ್ವಚ್ಛ ಅದಾಳವಾ ನಮ್ಮ ಸೊಸಿ!" ಎಂದು ಅತ್ತೆ ಓಣಿಯಲ್ಲೆಲ್ಲ ಹೊಗಳಿದರು. ಬೆಂಡು ಮುಳುಗಿದರೆ ಬಳೆ, ಬಳೆ ಸಪ್ಪಳವಾದರೆ ಕೋಲು. ಗಾಳಿಗೆ ಬೆಂಡು ಸುಮ್ಮನೆ ಅಲ್ಲಾಡಿದರೆ ನಾನು ಕೈ ಅಲುಗಿಸುತ್ತಿರಲಿಲ್ಲ. ಹೀಗೆ ನಡೆಯಿತು, ಒಂದು ಮಾತೂ ಇಲ್ಲದೆ, ಅವರು ನನ್ನ ಕಡೆ ಒಮ್ಮೆಯೂ ತಿರುಗಿ ನೋಡದೆ. ಆ ದಿನಗಳಲ್ಲಿ ಅವರ ಮೇಲೆ ನನಗೆ ಎಷ್ಟು ಮಮತೆ ಹುಟ್ಟಿತೆಂದರೆ, ಅರಿವೆ ಒಗೆಯುತ್ತ ಒಬ್ಬಳೇ ನಗುತ್ತಿದ್ದೆ.

ಆದರೆ ಗಿಡ್ಡ ಕೋಲಿಗೆ ಸಿಗುವುದೇನು? ಆಪಿನ ಈಚೆಯ ಪುಡಿ ಮೀನು. ಕೋಲು ಬಾಗುವುದೇ ನಿಂತಿತು. ಬಾಗದ ಕೋಲಿಗಾಗಿ ಅವರು ಅಷ್ಟು ದೂರ ಬಂದು ಕೂರುವುದು ನೋಡಲು ಕಷ್ಟವಾಗುತ್ತಿತ್ತು.

ಎರಡು ಸಾವಿರದ ಆಚೆಗಿನ ಒಂದು ಬೇಸಿಗೆ. ಹೊಳೆ ತಗ್ಗಿತ್ತು, ದಂಡೆಯ ಆಪೆಲ್ಲ ನೀರಿನ ಮೇಲೆ ಅಡ್ಡ ಬಿದ್ದಿತ್ತು. ನಾನು ಬುಟ್ಟಿ ಇಳಿಸಿ ನೋಡಿದೆ. ಬೆಂಡು ನೀರಲ್ಲಿ ಇರಲೇ ಇಲ್ಲ. ಒಣ ಆಪಿನ ಮೇಲೆ ಬಿದ್ದುಕೊಂಡಿತ್ತು. ಮಾವನವರು ಬೆನ್ನು ನೆಟ್ಟಗೆ ಮಾಡಿ, ಕೋಲು ಹಿಡಿದು, ಉಸಿರು ಬಿಗಿಹಿಡಿದು ಅದನ್ನೇ ಕಾಯುತ್ತಿದ್ದರು. ಈಗ ಸರಿಪಡಿಸಿಕೊಂಡಾರು, ಆಮೇಲೆ ಸರಿಪಡಿಸಿಕೊಂಡಾರು ಎಂದು ಒಗೆಯುತ್ತ ಕಾದೆ. ಬಿಸಿಲು ಏರಿತು. ನನ್ನ ಬಳೆಯ ಭಾಷೆಯಲ್ಲಿ ಇದಕ್ಕೆ ಒಂದು ಸಪ್ಪಳ ಇರಲಿಲ್ಲ.

ಒದ್ದೆ ಸೀರೆ ಕಲ್ಲಿನ ಮೇಲೆ ಬಿಸಾಕಿ ಬಂಡೆಯ ಹತ್ತಿರ ಹೋಗಿ ನಿಂತೆ. ಸೆರಗು ಎಲ್ಲಿತ್ತೋ ನೆನಪಿಲ್ಲ.

"ಮಾವಾರ, ಬೆಂಡು ನೀರಾಗ ಇಲ್ರಿ. ಆಪಿನ ಮ್ಯಾಲ ಬಿದ್ದೈತಿ."

ನಾನು ಅವರ ಜೊತೆ ನೇರವಾಗಿ ಆಡಿದ ಮೊದಲ ಮಾತು ಇದು. ಅವರು ಬೆಚ್ಚಲಿಲ್ಲ. ದಾರವನ್ನು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದುಕೊಳ್ಳುತ್ತ ಹೋದರು, ಬೆಂಡು ಕೈಗೆ ಬಂತು. ಅದು ಒಣಗಿತ್ತು.

"ಎಷ್ಟೊತ್ತಾತವಾ?"

"ನಾ ಬಂದಾಗಿಂದ ಹಂಗ ಐತ್ರಿ."

ಬೆಂಡನ್ನು ಕೈಯಲ್ಲಿ ತಿರುಗಿಸಿದರು. "ಮನ್ಯಾಗ ಹೇಳಬ್ಯಾಡ. ಹೊಳಿ ಬಿಡಸ್ತಾರ."

ಇಷ್ಟು ವರ್ಷ ನುಂಗಿದ್ದ ಸಿಟ್ಟೆಲ್ಲ ಆಗ ಬಾಯಿಗೆ ಬಂತು. "ಕೋಲು ಕಡಕೋತ ಹೋದ್ರ ಹೊಳಿ ಹತ್ತರ ಬರೂದಿಲ್ರಿ ಮಾವಾರ. ಇನ್ನೆರಡ ಸಲ ಕಡದ್ರ ಕೈಯಾಗ ಹಿಡಿಕಿ ಅಷ್ಟ ಉಳೀತೈತಿ. ಆಮ್ಯಾಲೇನು, ಕೈ ಅದ್ದಿ ಕುಂದ್ರತೀರೇನು? ದವಾಖಾನಿಗೆ ಹೋಗಾಕ ನಿಮಗೇನಾಗೇತಿ?"

"ನಮ್ಮಣ್ಣ ಹೋಗಿದ್ದವಾ. ಅರ್ಧಾ ಕಾಣತಿತ್ತು. ಕಣ್ಣಿನ ಪರೆ ತಗಸಾಕ ಹೋಗಿ ಪೂರಾ ಕತ್ತಲಿ ತಗೊಂಡ ಬಂದ. ಸಾಯೂತನಕಾ ಗ್ವಾಡಿ ಹಿಡದ ಅಡ್ಡಾಡಿದಾ." ಅವರ ದನಿ ಸಣ್ಣದಾಗಿತ್ತು. "ನನಗಿನ್ನ ಕೆಂಪಂದು ಕಾಣತೈತಿ."

ಅವರಿಗೆ ಹೆದರಿಕೆ ಎಂಬುದೊಂದು ಇದೆ ಎಂದು ನನಗೆ ಅವತ್ತೇ ಗೊತ್ತಾದದ್ದು. ಸಿಟ್ಟು ಇಳಿದುಹೋಯಿತು. ಆದರೂ ಬಿಡಲಿಲ್ಲ. "ಅವು ಹಳೇ ಕಾಲದ ಮಾತ್ರಿ. ಈಗ ಕಣ್ಣಾಗ ಗಾಜಿನಂಥಾ ಬಿಲ್ಲಿ ಕೂಡಸ್ತಾರ, ನಮ್ಮ ದೊಡ್ಡಪ್ಪ ಬೈಲಹೊಂಗಲದಾಗ ಮಾಡಿಸ್ಯಾರ, ಪೇಪರ ಓದತಾರ. ನೀವು ಹೋಗೂದಿಲ್ಲಂದ್ರ ನಾಳಿಂದ ನಾ ಬಳಿ ಬಾರಸೂದಿಲ್ಲ."

ಅವರು ತಲೆ ಎತ್ತಿದರು. ಬಳೆಯ ವಿಷಯ ನಾವಿಬ್ಬರೂ ಬಾಯಿಬಿಟ್ಟು ಆಡಿರಲೇ ಇಲ್ಲ. "ಇಷ್ಟ ಕಟುಕಿ ಆಗಬ್ಯಾಡ ನನ ತಾಯಿ," ಅಂದರು. ಆದರೆ ನಗುತ್ತಿದ್ದರು.

ಬೈಲಹೊಂಗಲದಲ್ಲಿ ಆಪರೇಶನ್ ಆಯಿತು, ಬಲಗಣ್ಣಿಗೆ. ದವಾಖಾನೆಗೆ ಹತ್ತಿರವೆಂದು ನಮ್ಮ ತವರಲ್ಲೇ ಉಳಿಸಿಕೊಂಡೆವು. ಬೀಗರ ಮನೆಯಲ್ಲಿ ಬಿದ್ದುಕೊಳ್ಳುವುದಕ್ಕೆ ಅವರಿಗೆ ನಾಚಿಕೆ, ನಮ್ಮಪ್ಪನಿಗೆ ಮಾತ್ರ ಹಬ್ಬ. ಬೀಗರಿಬ್ಬರೂ ಅಂಗಳದ ಹೊರಸಿನ ಮೇಲೆ ಕೂತು ಹಗಲೆಲ್ಲ ಹರಟಿದರು. ಮೀನಿನ ವಿಷಯ ಎಂದೂ ಕೇಳದ ನಮ್ಮಪ್ಪನಿಗೆ ಹೊಳೆ, ಆಪು, ಕೋಲು ಎಲ್ಲ ಬಾಯಿಪಾಠವಾಯಿತು.

ಪಟ್ಟಿ ಬಿಚ್ಚಿದರು. ಡಾಕ್ಟರು ಸರಿಯಾಗಿದೆ ಅಂದರು, ಕಪ್ಪು ಗಾಜಿನ ಚಾಳೀಸು ಕೊಟ್ಟರು, ಕೆಲವು ವಾರ ಬಗ್ಗಬಾರದು, ನೀರು ತಾಕಿಸಬಾರದು ಅಂದರು. ಮನೆಗೆ ಬಂದ ಮೇಲೆ ಎಲ್ಲರದೂ ಒಂದೇ ಪ್ರಶ್ನೆ, ಕಾಣತೈತೇನ್ರಿ? "ಕಾಣತೈತಿ ಬಿಡ್ರೋ," ಅನ್ನುತ್ತಿದ್ದರು. ಏನೂ ಕಾಣದಿದ್ದಾಗಲೂ ಅವರು ಇದೇ ದನಿಯಲ್ಲಿ ಇದನ್ನೇ ಹೇಳುತ್ತಿದ್ದರು. ಅಷ್ಟು ವರ್ಷ ಮನೆಮಂದಿಯನ್ನೆಲ್ಲ ನಂಬಿಸಿದ ಮನುಷ್ಯನ ಮಾತನ್ನು ಈಗ ಹೇಗೆ ನಂಬುವುದು? ತಾ ಎಂದು ಕೈ ಚಾಚಿ ಚಹಾದ ಕಪ್ಪನ್ನು ಸರಿಯಾಗಿ ಹಿಡಿಯುತ್ತಿದ್ದರು. ಆದರೆ ಮೊದಲೂ ಹಿಡಿಯುತ್ತಿದ್ದರು, ಬಳೆಯ ಸಪ್ಪಳ ಕೇಳಿ. ನಾನೇ ಒತ್ತಾಯ ಮಾಡಿ ಕಳಿಸಿದವಳು. ಅಣ್ಣನ ಗತಿಯೇ ತಮ್ಮನಿಗೂ ಆಗಿದ್ದರೆ ಎಂಬ ಯೋಚನೆಗೆ ರೊಟ್ಟಿ ತಟ್ಟುವ ಕೈ ನಿಂತುಬಿಡುತ್ತಿತ್ತು. ನೇರವಾಗಿ ಕೇಳಲು ಧೈರ್ಯ ಬರಲಿಲ್ಲ.

ಡಾಕ್ಟರು ಹೇಳಿದ ಅವಧಿ ಮುಗಿಯಿತು. ಹಿಂದಿನ ದಿನ ನಾನು ಕೊಟ್ಟಿಗೆಯ ಸೂರಿನಿಂದ ಉದ್ದ ಕೋಲನ್ನು ಇಳಿಸಿದೆ. ಮಗಳು ಸಾಲಿಗೆ ಹೋಗುವಷ್ಟಾಗಿದ್ದಳು, ಅವಳ ಪರಕಾರ, ಪೋಲಕಾ ಎಲ್ಲ ತೆಗೆದು ಬೇರೆ ಹಗ್ಗಕ್ಕೆ ಹಾಕಿದೆ. ಧೂಳು, ಜೇಡ ಒರೆಸಿ ಔಡಲೆಣ್ಣೆ ತಿಕ್ಕಿದೆ. ಗರಗಸದ ಸಣ್ಣ ಗಾಯ ಬುಡದಲ್ಲಿ ಹಾಗೇ ಇತ್ತು. ಹೊಸ ದಾರ, ಹೊಸ ಬೆಂಡು. ಕೆಂಪು ಚಿಂದಿ ಸುತ್ತಲಿಲ್ಲ. ಗಿಡ್ಡ ಕೋಲನ್ನು ಗೂಟದಿಂದ ತೆಗೆದು ಇದನ್ನು ಇಟ್ಟೆ.

ಬೆಳಿಗ್ಗೆ ಅವರು ಬಂದು ನಿಂತರು. ಬುಡದಿಂದ ತುದಿಯವರೆಗೆ ಕೈಯಾಡಿಸಿದರು. ಎರಡೂ ತೋಳು ಚಾಚಿ ಅದಕ್ಕೆ ಎದೆ ಹಚ್ಚಿ, ಒಂದು ಸಲ, ಇನ್ನೊಂದು ಸಲ, ಕಡೆಗೆ ಒಂದು ಮೊಳ. ಸರಿಹೋಯಿತು. ಹೆಗಲಿಗೇರಿಸಿ ಹೊಳೆಯ ದಾರಿ ಹಿಡಿದರು. ನಾನು ಅರಿವೆ ಬುಟ್ಟಿ ಹೊತ್ತು ಹಿಂದೆ ನಡೆದೆ.

ಬೆಂಡು ಆಪಿನ ಆಚೆ, ಕಪ್ಪು ನೀರಿನ ಅಂಚಿಗೆ ಹೋಗಿ ಬಿತ್ತು. ಎಷ್ಟೋ ವರ್ಷದ ಮೇಲೆ ಅದು ಅಷ್ಟು ದೂರ ಹೋದದ್ದು. ನನ್ನ ಕಣ್ಣಿಗೇ ಅದು ಜೋಳದ ಕಾಳಿನಷ್ಟು ಕಾಣುತ್ತಿತ್ತು. ನಾನು ಕಲ್ಲಿನ ಮೇಲೆ ಕೂತು ಎರಡೂ ಕೈಯ ಬಳೆಗಳನ್ನು ಒಂದಕ್ಕೊಂದು ಒತ್ತಿ ಹಿಡಿದೆ. ಇವತ್ತು ಸಪ್ಪಳ ಮಾಡಬಾರದು. ಕಂಡರೆ ಅವರೇ ಎತ್ತುತ್ತಾರೆ.

ಬೆಂಡು ಮುಳುಗಿತು.

ಕೋಲು ಅಲುಗಲಿಲ್ಲ. ನಾನು ಅವರ ಮುಖ ನೋಡಿದೆ, ಹೊಳೆಯ ಕಡೆಗೇ ಇತ್ತು. ಬೆಂಡು ಮೇಲೆ ಬಂತು, ತುಸು ಸರಿಯಿತು, ಮತ್ತೆ ಮುಳುಗಿತು. ಕೋಲು ಅಲುಗಲಿಲ್ಲ. ಕಾಣುತ್ತಿಲ್ಲ. ಇವರಿಗೆ ಏನೂ ಕಾಣುತ್ತಿಲ್ಲ, ಕೆಂಪೂ ಹೋಯಿತು, ಅದೂ ನನ್ನ ಹಟದಿಂದ. ದಾರ ಬಿಗಿಯಾಗಿ ನೀರಿನೊಳಗೆ ಓಡತೊಡಗಿತ್ತು. ತಡೆಯಲಾಗಲಿಲ್ಲ. ಎರಡೂ ಕೈ ಬಿಟ್ಟು ಬಳೆ ಒಡೆದುಹೋಗುವಂತೆ ಅಲುಗಿಸಿದೆ.

ಕೋಲು ಮೇಲೆದ್ದಿತು. ಎದ್ದದ್ದು ಬಾಗಿತು, ನೀರಿಗೆ ತುದಿ ತಾಗುವಷ್ಟು ಬಾಗಿತು. ಮಾವನವರು ಎದ್ದು ನಿಂತು, ಕಾಲೂರಿ, ಬಿಟ್ಟು ಎಳೆದು, ಎಳೆದು ಬಿಟ್ಟು, ಆಪಿನ ಮೇಲಿಂದ ಅದನ್ನು ದಂಡೆಗೆ ತಂದರು. ನಾನು ಅವರ ಕೈಯಲ್ಲಿ ಕಂಡ ಮೀನುಗಳಲ್ಲೆಲ್ಲ ದೊಡ್ಡದು. ಹೆಸರು ಗೊತ್ತಿಲ್ಲ. ಗಾಳ ಬಿಡಿಸಿ, ಎರಡೂ ಕೈಯಲ್ಲಿ ಹಿಡಿದು ನೀರಿಗೆ ಇಳಿಸಿದರು. ಅದು ಒಂದು ಕ್ಷಣ ನಿಂತು ಹೋಯಿತು.

ನಾನು ಮುಖಕ್ಕೆ ಸೆರಗು ಒತ್ತಿಕೊಂಡು ಕೂತಿದ್ದೆ. ಅವರು ಬಂಡೆಯ ಮೇಲೆ ಮತ್ತೆ ಕೂತು, ಹಿಂಡಿಯ ಉಂಡೆ ಕಟ್ಟುತ್ತ, ನನ್ನ ಕಡೆ ತಿರುಗದೆಯೇ ಅಂದರು, "ಯಾಕ ಅಳತೀ? ಬೆಂಡು ಮುಳಗಿದ್ದು ಕಂಡಿತ್ತು. ಎರಡೂ ಸಲ ಕಂಡ್ತು."

"ಮತ್ತ ಯಾಕ ಎತ್ತಲಿಲ್ರಿ?"

"ನೀ ಬಳಿ ಒತ್ತಿ ಹಿಡಕೊಂಡು ಕುಂತಿದ್ದೂ ಕಂಡ್ತು," ಅಂದರು. "ಆ ಸಪ್ಪಳ ಕೇಳಲಾರದ ಎತ್ತಾಕ ಕೈ ಬರಲಿಲ್ಲವಾ."

ನನಗೆ ಬಂದ ಸಿಟ್ಟಿಗೆ ಅವತ್ತು ಅರಿವೆಗಳು ಚೆನ್ನಾಗಿ ಪೆಟ್ಟು ತಿನ್ನಬೇಕಿತ್ತು. ಆದರೆ ಒಂದನ್ನೂ ಒಗೆಯಲಿಲ್ಲ. ಅವರು ಬೆಂಡನ್ನು ಮತ್ತೆ ಆಪಿನ ಆಚೆಗೆ ಒಗೆದರು. ನಾನು ಕಣ್ಣೊರೆಸಿಕೊಂಡು, ಕೈ ಸಡಿಲು ಬಿಟ್ಟು, ಅದನ್ನೇ ನೋಡುತ್ತ ಕೂತೆ.